ದೋಮ್ನಾಳ ಗೋಧಿ

ದೋಮ್ನಾ ಬೇಯಿಸಿದ ಗೋಧಿಯನ್ನು ನಮ್ಮ ಕೇರಿಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಸತ್ತವರ ಹೆಸರಿನಲ್ಲಿ ಬೇಯಿಸಿ, ಸಕ್ಕರೆ, ಒಣದ್ರಾಕ್ಷಿ, ದಾಳಿಂಬೆ ಕಾಳು ಬೆರೆಸಿ ಹಂಚುವ ಗೋಧಿ ಅದು. ಹಗೆಯವರ ಮನೆಯದಾದರೂ ಒಂದು ಚಮಚ ಬಾಯಿಗೆ ಹಾಕಿಕೊಂಡು "ದೇವರು ಅವನನ್ನು ಕ್ಷಮಿಸಲಿ" ಎನ್ನಬೇಕು. ಬೇಡವೆಂದರೆ ಅವಮಾನವಾಗುವುದು ಕೊಟ್ಟವರಿಗಲ್ಲ, ಸತ್ತವನಿಗೆ. ಅಥೆನ್ಸಿನ ಅಂಚಿನಲ್ಲಿದ್ದ ನಮ್ಮ ಕೆಸರಿಯಾನಿ ಕೇರಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ, ಪ್ರತಿ ಡಿಸೆಂಬರಿನಲ್ಲಿ ದೋಮ್ನಾ ತಟ್ಟೆ ಹಿಡಿದು ಬೀದಿಗಿಳಿದರೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಗಂಡನನ್ನು ಎರಡನೇ ಸಲ ಕೊಂದವಳು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮುಖದೆದುರೇ ಆಡಿದವರೂ ಇದ್ದರು.

ಪಕ್ಕದ ಮನೆಯ ಫಿಲಿಯೊ ಒಬ್ಬಳು ಮಾತ್ರ ಹಿಡಿ ತುಂಬ ತೆಗೆದುಕೊಂಡು, ಬೀದಿಯ ನಡುವೆ ನಿಂತು, ಎಲ್ಲರಿಗೂ ಕಾಣುವ ಹಾಗೆ ಅಗಿಯುತ್ತಿದ್ದಳು.

ದೋಮ್ನಾ ಹುಟ್ಟಿದ್ದು ಸಮುದ್ರದಾಚೆ, ತುರ್ಕಿಯ ಸ್ಮಿರ್ನಾದ ಕಡೆ. ಆ ಊರು ಹೊತ್ತಿ ಉರಿದಾಗ ತಾಯಿಯ ಕೈ ಹಿಡಿದು ಹಡಗು ಹತ್ತಿ ಬಂದವಳು. ಹಾಗೆ ಓಡಿಬಂದ ನಮ್ಮನ್ನು ಅಥೆನ್ಸಿನವರು "ತುರ್ಕರ ಬೀಜ" ಎಂದು ಬೈಯುತ್ತಿದ್ದ ಕಾಲ. ಹಲಗೆ, ತಗಡು, ಗೋಣಿಯ ಗುಡಿಸಲುಗಳಲ್ಲಿ ಬೆಳೆದಳು, ಅಲ್ಲೇ ಯೊರ್ದಾನಿಸನನ್ನು ಮದುವೆಯಾದಳು. ಅವನದು ಕಲಾಯಿ ಕೆಲಸ. ತಾಮ್ರದ ಪಾತ್ರೆಗಳನ್ನು ಬೆಂಕಿಗೆ ಹಿಡಿದು, ನವಸಾಗರ ಉಜ್ಜಿ, ತವರ ಬಳಿದು ಬೆಳ್ಳಗೆ ಮಾಡಿಕೊಡುತ್ತಿದ್ದ. ಬಲಗೈ ಹೆಬ್ಬೆರಳು ಸುಟ್ಟು ಸುಟ್ಟು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು, ಉಗುರೇ ಇರಲಿಲ್ಲ. ಗಂಡಹೆಂಡಿರ ಜಗಳ ಇಡೀ ಕೇರಿಗೆ ಪುಕ್ಕಟೆ ಮನರಂಜನೆ. ಅವನು ಒಂದು ಅಂದರೆ ಇವಳು ಹತ್ತು ಅನ್ನುತ್ತಿದ್ದಳು. ಪಾಂದೆಲಿಸ್ ಒಬ್ಬನೇ ಮಗ; ಇಬ್ಬರ ಬಾಯಿಯೂ ಅವನಿಗೆ ಬಂದಿತ್ತು.

ಜರ್ಮನರು ಬಂದ ಮೊದಲ ಚಳಿಗಾಲದಲ್ಲಿ ಹಸಿವು ಊರನ್ನು ನುಂಗಿತು. ಹೆಣಗಳನ್ನು ಕಸದ ಗಾಡಿಯಲ್ಲಿ ಹೊತ್ತೊಯ್ಯುತ್ತಿದ್ದರು. ತಾಮ್ರದ ಪಾತ್ರೆಗಳನ್ನೆಲ್ಲ ಜನ ಒಂದು ಶೀಸೆ ಎಣ್ಣೆಗೆ ಮಾರಿಕೊಂಡ ಮೇಲೆ ಕಲಾಯಿ ಹಾಕಿಸುವವರು ಯಾರು? ಯೊರ್ದಾನಿಸ್ ಸುಮ್ಮನೆ ಕೂರುವ ಜಾತಿಯಲ್ಲ. ಹಳೆಯ ಡಬ್ಬಿಗಳನ್ನು ಬಿಚ್ಚಿ, ಸುತ್ತಿ, ಬೆಸೆದು ಕಹಳೆ ಮಾಡತೊಡಗಿದ. ಪ್ರತಿರೋಧದವರ ಸಂಘಟನೆ, ಎಆಮ್, ಆಗ ಕೇರಿಕೇರಿಯಲ್ಲೂ ಬೇರುಬಿಟ್ಟಿತ್ತು. ಪತ್ರಿಕೆ ಇಲ್ಲ, ರೇಡಿಯೊ ಇಟ್ಟುಕೊಂಡರೆ ತಲೆ ಹೋಗುತ್ತದೆ. ಹಾಗಾಗಿ ಮುಸ್ಸಂಜೆ ಹೊತ್ತು ಯಾವುದೋ ಚಾವಣಿಯ ಮೇಲಿಂದ ಒಬ್ಬರು ಕಹಳೆ ಬಾಯಿಗಿಟ್ಟು ಸುದ್ದಿ ಕೂಗುತ್ತಿದ್ದರು. ಗಂಜಿ ಎಲ್ಲಿ ಸಿಗುತ್ತದೆ, ಯಾರನ್ನು ಹಿಡಿದೊಯ್ದರು, ಯಾರು ಮುಖಕ್ಕೆ ಮುಸುಕು ಹಾಕಿಕೊಂಡು ನಮ್ಮವರತ್ತ ಜರ್ಮನರಿಗೆ ಬೆರಳು ತೋರಿಸಿದ. ಗಸ್ತಿನವರು ಓಡಿ ಬರುವಷ್ಟರಲ್ಲಿ ದನಿ ಮುಂದಿನ ಬೀದಿಗೆ ಹಾರಿರುತ್ತಿತ್ತು. ನಮ್ಮ ಬೀದಿಯ ದನಿ ದೋಮ್ನಾ.

"ಆ ಗಂಟಲಿರೋವಾಗ ನಿಂಗೆ ಕಹಳೆ ಯಾಕೇ? ತಗಡು ದಂಡ," ಎಂದು ಗಂಡ ರೇಗಿಸುತ್ತಿದ್ದ.

"ನಿನ್ನನ್ನ ಊಟಕ್ಕೆ ಕೂಗಿ ಕೂಗಿ ಬಂದ ಗಂಟಲು ಇದು. ನೀನೇ ಸಾಕಿದ್ದು."

"ಈಗ ಊಟಾನೂ ಇಲ್ಲ, ಬರೀ ಕೂಗು."

ಸಾವಿರದ ಒಂಬೈನೂರ ನಲವತ್ತನಾಲ್ಕರ ಶರತ್ಕಾಲದಲ್ಲಿ ಜರ್ಮನರು ಹೋದರು, ಇಂಗ್ಲಿಷರು ಬಂದರು. ನಾವು ಹುಚ್ಚರ ಹಾಗೆ ಕುಣಿದೆವು, ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಅವರ ಟ್ಯಾಂಕುಗಳ ಮೇಲೆ ಹೂವು ಎಸೆದೆವು. ಮನೆಯಲ್ಲಿ ಸಕ್ಕರೆಯೇ ಇಲ್ಲದ ದೋಮ್ನಾ ಎಲ್ಲಿಂದಲೋ ಕಡ ತಂದು, ಚೆರ್ರಿ ಪಾಕ ಮಾಡಿ, ದಾರಿಯಲ್ಲಿ ಹೋಗುವ ಸಿಪಾಯಿಗಳ ಬಾಯಿಗೆ ಚಮಚದಲ್ಲಿ ಇಟ್ಟಳು. ಅವರ ದಂಡಿನ ಅಡುಗೆಯವನೊಬ್ಬ, ಕೆಂಪು ಮೂತಿಯ ಒಳ್ಳೆಯ ಮನುಷ್ಯ, ದೊಡ್ಡ ಹಂಡೆಗಳನ್ನು ಹೊರಿಸಿಕೊಂಡು ಬಂದು ಯೊರ್ದಾನಿಸನ ಕೈಲಿ ಕಲಾಯಿ ಹಾಕಿಸಿದ. ಯೊರ್ದಾನಿಸ್ ಕಾಸು ಮುಟ್ಟಲಿಲ್ಲ. ಅಡುಗೆಯವನು ಬದಲಿಗೆ ಮಾಂಸದ ಡಬ್ಬಿಗಳನ್ನು ಕೊಟ್ಟುಹೋದ. ಮನೆಯವರು ಮಾಂಸ ತಿಂದರು, ಯೊರ್ದಾನಿಸ್ ಖಾಲಿ ಡಬ್ಬಿಗಳನ್ನು ಬಿಚ್ಚಿ ಹೊಸದೊಂದು ಕಹಳೆ ಮಾಡಿದ.

ಗುಡ್ಡದಲ್ಲಿದ್ದ ಎಆಮ್ ಹುಡುಗರು ಕೋವಿ ಒಪ್ಪಿಸಬೇಕೆಂದು ಇಂಗ್ಲಿಷರು ಹಟ ಹಿಡಿದರು. ಡಿಸೆಂಬರಿನಲ್ಲಿ ಅದನ್ನು ವಿರೋಧಿಸಿ ಅರಮನೆಯ ಚೌಕದಲ್ಲಿ ಬರಿಗೈಯಲ್ಲಿ ಮೆರವಣಿಗೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಇಂಗ್ಲಿಷರ ಫಿರಂಗಿ ನಮ್ಮ ಕಡೆ ತಿರುಗಿತ್ತು. ಜರ್ಮನರಿಗೆ ಬೂಟು ಒರೆಸಿಕೊಟ್ಟವರು ಸಮವಸ್ತ್ರ ಬದಲಾಯಿಸಿಕೊಂಡು ಇಂಗ್ಲಿಷರ ಪಕ್ಕದಲ್ಲಿ ನಿಂತಿದ್ದರು. ಜರ್ಮನರ ಮೇಲೆ ಕೋವಿ ಎತ್ತಿದ್ದ ಗುಡ್ಡದ ಹುಡುಗರು ರಾತ್ರಿ ಬೆಳಗಾಗುವುದರೊಳಗೆ ಬಂಡುಕೋರರಾಗಿಬಿಟ್ಟರು. ಪಾಂದೆಲಿಸ್ ಆ ಹುಡುಗರಲ್ಲಿ ಒಬ್ಬ. ಯೊರ್ದಾನಿಸ್ ಮಾತ್ರ ಮಾಂಸದ ಡಬ್ಬಿಯ ಕಹಳೆ ಹಿಡಿದು ಚಾವಣಿ ಹತ್ತಿ, ಯಾರೋ ವಿದ್ಯಾರ್ಥಿ ಕಲಿಸಿಕೊಟ್ಟ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಆಚೆ ಗುಡ್ಡದ ಸಿಪಾಯಿಗಳಿಗೆ ಕೂಗುತ್ತಿದ್ದ: ತಮ್ಮಾ, ನಿನ್ನ ಮನೆಗೆ ಹೋಗು.

"ಏನಂತ ಕೂಗ್ತಾ ಇದೀಯೋ, ಯಾರಿಗ್ಗೊತ್ತು! ನಾಳೆ ಇನ್ನೊಂದಿಷ್ಟು ಹಂಡೆ ತರ್ತಾರೆ ನೋಡು," ಎಂದಳು ದೋಮ್ನಾ.

"ತರ್ಲಿ. ಈ ಸಲ ಕಾಸು ಕೇಳ್ತೀನಿ."

ಮರುದಿನ ಅವರು ತಂದದ್ದು ಹಂಡೆಯಲ್ಲ. ಬೆಳಗ್ಗೆ ಯೊರ್ದಾನಿಸ್ ಬೀದಿಯ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತಿದ್ದಾಗ ಇಂಗ್ಲಿಷರ ವಿಮಾನ ಚಾವಣಿಗಳಿಗೆ ತಾಗುವಷ್ಟು ಕೆಳಗೆ ಬಂದು ಬಾಂಬು ಎಸೆಯಿತು. ನೀರಿಗೆ ನಿಂತ ಸಾಲು ಸಾಲಾಗಿಯೇ ಬಿತ್ತು. ದೋಮ್ನಾ ಓಡಿ ಬಂದಾಗ ಅವನ ಬೆನ್ನಿನಡಿ ನೀರು, ರಕ್ತ ಎರಡೂ ಹರಿಯುತ್ತಿದ್ದವು, ನಲ್ಲಿಯನ್ನು ಯಾರೂ ನಿಲ್ಲಿಸಿರಲಿಲ್ಲ. ಸ್ಮಶಾನದ ದಾರಿಯಲ್ಲಿ ಗುಂಡು ಬೀಳುತ್ತಿದ್ದುದರಿಂದ ಚರ್ಚಿನ ಹಿಂದಿನ ಖಾಲಿ ಜಾಗದಲ್ಲೇ ಹೂಳಿದರು. ಪಾಂದೆಲಿಸ್ ಕೋವಿ ಬದಿಗಿಟ್ಟು ತಾನೇ ಗುಂಡಿ ತೋಡಿದ. ಮಣ್ಣು ಮುಚ್ಚಿ, ಅಮ್ಮನ ತಲೆಗೆ ಮುತ್ತಿಟ್ಟು ಹೋದ. ಕೆಲವೇ ದಿನಗಳಲ್ಲಿ ಕೇರಿ ಇಂಗ್ಲಿಷರ ಕೈಗೆ ಬಿತ್ತು, ಗುಡ್ಡದವರು ಊರು ಬಿಟ್ಟರು, ಪಾಂದೆಲಿಸ್ ಸಿಕ್ಕಿಬಿದ್ದ.

ಸತ್ತವರನ್ನಾದರೂ ಅವರ ಪಾಡಿಗೆ ಬಿಟ್ಟರೇ? ಇಲ್ಲ. ಜನವರಿಯಲ್ಲಿ ಹೊಸ ಸರ್ಕಾರದ ಕಾವಲು ಪಡೆ ಬಂದು ಚರ್ಚಿನ ಹಿಂದಿನ ಜಾಗವನ್ನು ಅಗೆಯಿತು. ವಿಮಾನದಿಂದ ಸತ್ತವರು, ಫಿರಂಗಿಯಿಂದ ಸತ್ತವರು, ಚಳಿಗೆ ಸತ್ತ ಮುದುಕರು, ಎಲ್ಲರನ್ನೂ ಎತ್ತಿ ಊರಾಚೆಯ ಬಯಲಿಗೆ ಸಾಗಿಸಿ ಸಾಲಾಗಿ ಮಲಗಿಸಿದರು. ಬಂಡುಕೋರರು ಕೊಂದ ಅಮಾಯಕರು ಎಂದು ಇವರನ್ನು ತೋರಿಸುವುದಿತ್ತು, ನೋಡಲು ಲಂಡನ್ನಿನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ಗುಡ್ಡದವರು ಯಾರನ್ನೂ ಕೊಲ್ಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊಂದಿದ್ದರು, ಕೊಲ್ಲಬಾರದವರನ್ನೂ ಕೊಂದಿದ್ದರು. ಅಂಥವರ ಹೆಣಗಳೂ ಆ ಬಯಲಿನಲ್ಲಿದ್ದವು. ಸಾಲು ಉದ್ದವಾಗಿ ಕಾಣಲಿ ಎಂದು ನಮ್ಮವರನ್ನೂ ಸೇರಿಸಿಕೊಂಡರು, ಅಷ್ಟೆ.

ದೋಮ್ನಾ ಫಿಲಿಯೊಳನ್ನು ಕರೆದುಕೊಂಡು ಹುಡುಕಿಕೊಂಡು ಹೋದಳು. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ಉಗುರಿಲ್ಲದ ಕರಿ ಹೆಬ್ಬೆರಳು ನೋಡಿ ಆ ಕೈ ಹಿಡಿದುಕೊಂಡು ಕುಳಿತಳು. ಠಾಣೆಯ ಅಧಿಕಾರಿಯೊಬ್ಬ ಪಕ್ಕಕ್ಕೆ ಬಂದು ನಿಂತ.

"ನಿನ್ನ ಗಂಡನಾ?"

"ಹೂಂ ಸ್ವಾಮಿ. ನೀರು ಹಿಡಿಯೋಕೆ ನಿಂತಿದ್ದ, ವಿಮಾನ..."

"ನಿಧಾನಕ್ಕೆ ಯೋಚ್ನೆ ಮಾಡಿ ಮಾತಾಡಮ್ಮ," ಎಂದ ಅಧಿಕಾರಿ, ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ. "ನಿನ್ನ ಮಗ ಪಾಂದೆಲಿಸ್ ನಮ್ಮ ಹತ್ರ ಇದಾನೆ. ಕೋವಿ ಸಮೇತ ಸಿಕ್ಕಿದಾನೆ. ಬರೀ ಬಂಡುಕೋರನಾದ್ರೆ ಗೋಡೆಗೆ ನಿಲ್ಲಿಸ್ತಾರೆ. ಬಂಡುಕೋರರ ಕೈಲಿ ಸತ್ತ ದೇಶಭಕ್ತನ ಮಗ, ಪಾಪ, ದಾರಿ ತಪ್ಪಿದ ಹುಡುಗ ಅಂತಾದ್ರೆ ಕೋರ್ಟಿನೋರಿಗೂ ಒಂದು ಮನಸ್ಸು ಅಂತ ಇರುತ್ತೆ. ನಿಂಗೆ ಬಿಟ್ಟಿದ್ದು."

ಫಿಲಿಯೊ ಅವಳ ತೋಳು ಚಿವುಟಿದಳು. "ಹೇಳಿಬಿಡೇ. ಇವನಂತೂ ಹೋದ. ಅವನನ್ನಾದ್ರೂ ಉಳಿಸ್ಕೋ."

ಅಷ್ಟರಲ್ಲಿ ದೊಡ್ಡ ಮನುಷ್ಯರು ಬಂದರು. ಒಬ್ಬ ಮುದುಕ ಟೋಪಿ ತೆಗೆದು ಯೊರ್ದಾನಿಸನ ಕಾಲ ಬಳಿ ನಿಂತ. ಅವನ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಅದನ್ನು ನೋಡಿ ದೋಮ್ನಾಳಿಗೆ ಇವನ ಗಂಟಲು ಹಿಸುಕಬೇಕು ಅನ್ನಿಸಿತು, ಇವನ ಕಾಲಿಗೆ ಬಿದ್ದು ಮಗನನ್ನು ಕೇಳಬೇಕು ಎಂದೂ ಅನ್ನಿಸಿತು. ದುಭಾಷಿ ಕೇಳಿದ, ಯಾರು ಕೊಂದರು ಎಂದು.

"ಬಂಡುಕೋರರು."

"ಜೋರಾಗಿ ಹೇಳಮ್ಮ, ಕೇಳಿಸ್ಲಿಲ್ಲ."

ಮೂರು ಬೀದಿಗೆ ಕೇಳುವಂತೆ ಕೂಗುತ್ತಿದ್ದವಳು ಇನ್ನೊಮ್ಮೆ ಹೇಳಿದಳು. ಯಾರೋ ಫೋಟೊ ತೆಗೆದರು. ಪತ್ರಿಕೆಯಲ್ಲಿ ಬಂತು. ಬಂಡುಕೋರರಿಗೆ ಬಲಿಯಾದ ಪತಿಯ ಶವದೊಡನೆ ವಿಧವೆ.

ಅಧಿಕಾರಿ ಮಾತು ಉಳಿಸಿಕೊಂಡ. ಪಾಂದೆಲಿಸನ ಜೊತೆ ಸಿಕ್ಕಿದ ಹುಡುಗರನ್ನು ಕೊಂದರು, ಅವನಿಗೆ ಜೀವಾವಧಿ ಆಯಿತು. ದೋಮ್ನಾ ಜೈಲಿಗೆ ಹೋದಾಗ ಜಾಲರಿಯಾಚೆ ನಿಂತ ಮಗನ ಕೈಯಲ್ಲಿ ಆ ಪತ್ರಿಕೆಯ ಚೂರಿತ್ತು.

"ಬಂಡುಕೋರರು ಅಂದ್ರೆ ಯಾರಮ್ಮ? ನಾನು ತಾನೆ? ಅಪ್ಪನ್ನ ನಾನೇ ಕೊಂದೆ ಅಂತ ಇಂಗ್ಲಿಷರ ಮುಂದೆ ಸಾಕ್ಷಿ ಹೇಳಿದ್ಯಲ್ಲ."

"ನಿನ್ನ ಜೀವ ಉಳೀಲಿ ಅಂತ ಮಗಾ..."

"ಉಳೀತಲ್ಲ! ತಗೊಂಡೋಗಿ ಉಪ್ಪಿನಕಾಯಿ ಹಾಕ್ಕೋ."

ಆಮೇಲೆ ಅವಳು ಎಷ್ಟು ಸಲ ಹೋದರೂ ಅವನು ಜಾಲರಿಯ ಹತ್ತಿರ ಬರಲಿಲ್ಲ. ಅವನನ್ನು ಕೈದಿಗಳನ್ನಿಡುವ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ತಪ್ಪೊಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರನ್ನು ಬಿಡುತ್ತಿದ್ದರು. ಕಲ್ಲು ಹೊರಿಸಿದರೂ, ಕಾಲು ಮುರಿದರೂ ಪಾಂದೆಲಿಸ್ ಸಹಿ ಹಾಕಲಿಲ್ಲ. ಕೇರಿಯವರು ಅವನ ಹೆಸರೆತ್ತಿದರೆ ಎದೆ ಉಬ್ಬಿಸುತ್ತಿದ್ದರು, ಅವನ ತಾಯಿ ಎದುರಾದರೆ ಉಗುಳುತ್ತಿದ್ದರು. ಎಂಥಾ ನ್ಯಾಯವೋ! ಅವನು ಸಹಿ ಹಾಕದೆ ಬದುಕಿ ಉಳಿದದ್ದು ಆ ಬಯಲಿನಲ್ಲಿ ಅವಳು ನಾಲಿಗೆಯಿಂದ ಹಾಕಿದ ಸಹಿಯಿಂದ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಮಣ್ಣಿಗಿಟ್ಟು ಮೂರು ವರ್ಷವಾದ ಮೇಲೆ ಮೂಳೆ ತೆಗೆಯಬೇಕು, ದ್ರಾಕ್ಷಾರಸದಲ್ಲಿ ತೊಳೆದು ಪೆಟ್ಟಿಗೆಯಲ್ಲಿಡಬೇಕು. ಅದು ನಮ್ಮ ಪದ್ಧತಿ. ಬಯಲಿನಿಂದ ತಂದು ಸ್ಮಶಾನದಲ್ಲಿ ಹೂತಿದ್ದ ಯೊರ್ದಾನಿಸನ ಮೂಳೆ ಸರ್ಕಾರ ಕಟ್ಟಿಸಿದ ಸ್ಮಾರಕಕ್ಕೆ ಹೋಗಬೇಕಿದ್ದರಿಂದ ಆ ದಿನ ಅದೇ ಅಧಿಕಾರಿಯೂ ಸ್ಮಶಾನಕ್ಕೆ ಬಂದಿದ್ದ. ಪಾದ್ರಿ ಲಾಜರೋಸ್ ಧೂಪ ಹಾಕುತ್ತಿದ್ದರು. ಫಿಲಿಯೊ ದ್ರಾಕ್ಷಾರಸ ಸುರಿಯುತ್ತಿದ್ದಳು, ದೋಮ್ನಾ ಒಂದೊಂದೇ ಮೂಳೆ ಉಜ್ಜುತ್ತಿದ್ದಳು. ಬೆನ್ನುಮೂಳೆಯ ಸಂದಿನಲ್ಲಿ ಏನೋ ಕೈಗೆ ತಾಗಿತು. ಉಗುರಿನಿಂದ ಎಬ್ಬಿದಳು. ಕಿರುಬೆರಳಿನಷ್ಟು ದಪ್ಪದ, ಅಂಚು ಹರಿದ ಕಬ್ಬಿಣದ ಚೂರು. ಗುಡ್ಡದ ಹುಡುಗರ ಹತ್ತಿರ ಅಂಥದ್ದನ್ನು ಮೇಲಿಂದ ಎಸೆಯುವ ವಿಮಾನ ಎಲ್ಲಿತ್ತು? ಫಿಲಿಯೊ ದ್ರಾಕ್ಷಾರಸ ಸುರಿಯುವುದನ್ನು ನಿಲ್ಲಿಸಿದಳು.

"ಏನದು?" ಎಂದು ಅಧಿಕಾರಿ ಹತ್ತಿರ ಬಂದ.

"ಏನಿಲ್ಲ ಸ್ವಾಮಿ. ಬೆರಳಿನ ಮೂಳೆ," ಎಂದಳು ಫಿಲಿಯೊ.

ದೋಮ್ನಾ ಗಂಡನ ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿ ಮುತ್ತಿಟ್ಟಳು. ಅದೂ ಪದ್ಧತಿಯೇ. ಮುಖ ಎತ್ತುವಷ್ಟರಲ್ಲಿ ಅಂಗೈಯಲ್ಲಿದ್ದ ಕಬ್ಬಿಣ ಬಾಯೊಳಗೆ ಸೇರಿತ್ತು. ಪಾದ್ರಿಗಳು "ದೇವರು ಅವನನ್ನು ಕ್ಷಮಿಸಲಿ" ಎಂದಾಗ ಎಲ್ಲರೂ ಹೇಳಿದರು, ಅವಳ ತುಟಿ ಬಿಚ್ಚಲಿಲ್ಲ. ದುಃಖಕ್ಕೆ ಬಾಯಿ ಕಟ್ಟಿದೆ ಎಂದುಕೊಂಡು ಅಧಿಕಾರಿ ಟೋಪಿ ತೆಗೆದ.

ಮನೆಗೆ ಬಂದು ಬಾಗಿಲು ಹಾಕಿ ಉಗುಳಿದಾಗ ನಾಲಿಗೆ ಕುಯ್ದು ರಕ್ತ ಬಂದಿತ್ತು. "ಎಸೆಯೇ ಅದನ್ನ," ಎಂದಳು ಫಿಲಿಯೊ.

"ಮೂಳೆನೆಲ್ಲ ಅವರಿಗೆ ಕೊಟ್ಟೆ. ಇದೊಂದು ಕೊಡಲ್ಲ. ಪಾಂದೆಲಿಸ್ ಬಂದ ದಿನ ಅವನ ಕೈಗೆ ಕೊಡ್ತೀನಿ. ಅಲ್ಲೀವರ್ಗೂ ಯಾರಿಗೂ ಹೇಳ್ಬೇಡ. ಅವನಿನ್ನೂ ಅವರ ಮುಷ್ಟಿಯಲ್ಲಿದಾನೆ. ಆಣೆ ಇಡು."

ಫಿಲಿಯೊ ಆಣೆ ಇಟ್ಟಳು.

ಪಾಂದೆಲಿಸ್ ಬಿಡುಗಡೆಯಾಗಿ ಬರುವಷ್ಟರಲ್ಲಿ ಅವನ ತಲೆಗೂದಲು ಬೆಳ್ಳಗಾಗಿತ್ತು. ಕೇರಿ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂತು. ಅವನು ತಾಯಿಯ ಬೀದಿಗೆ ಬರದೆ ಎರಡು ಬೀದಿ ಆಚೆ ಕೋಣೆ ಹಿಡಿದ. ಆ ಡಿಸೆಂಬರಿನಲ್ಲಿ ದೋಮ್ನಾ ಒಂದು ಕೈಯಲ್ಲಿ ಗೋಧಿಯ ತಟ್ಟೆ, ಇನ್ನೊಂದರಲ್ಲಿ ಕರವಸ್ತ್ರದ ಗಂಟು ಹಿಡಿದು ಅವನ ಬಾಗಿಲು ಬಡಿದಳು. ಅವನು ತಟ್ಟೆಯನ್ನಷ್ಟೇ ನೋಡಿದ.

"ಆ ಗೋಧೀನ ನಿಮ್ಮ ಸರ್ಕಾರಕ್ಕೆ ತಿನ್ನಿಸಿ, ಕೀರಾ ದೋಮ್ನಾ."

ಕೀರಾ ಎಂದ, ಗುರುತಿಲ್ಲದ ಹೆಂಗಸನ್ನು ಕರೆಯುವ ಹಾಗೆ. ಅಮ್ಮ ಅನ್ನಲಿಲ್ಲ. ಗಂಟು ಬಿಚ್ಚದೆಯೇ ಅವಳು ಹಿಂದಿರುಗಿದಳು. ಅವಳಿಗೂ ಹಟ ಕಡಿಮೆಯಿರಲಿಲ್ಲ: ಕೇಳಲಿ, ಅವನಾಗಿಯೇ ಕೇಳಲಿ, ಆಗ ಕೊಡುತ್ತೇನೆ ಎಂದು ಕುಳಿತಳು. ತಾಯಿ ಮಗ ಇಬ್ಬರೂ ಕಲ್ಲಿನ ಹಾಗೆ ಕುಳಿತು ವರ್ಷಗಳನ್ನು ಹಾಳುಮಾಡಿದರು. ದಂಡಿನ ಕರ್ನಲ್‌ಗಳು ಅಧಿಕಾರ ಕಸಿದುಕೊಂಡು ಅವನನ್ನು ಮತ್ತೆ ಹಿಡಿದೊಯ್ದರು, ಮತ್ತೆ ಬಿಟ್ಟರು. ಪ್ರತಿ ವರ್ಷ ಸ್ಮಾರಕದೆದುರು ಅಧಿಕಾರಿಗಳ ಭಾಷಣ, ಮುಂದಿನ ಸಾಲಿನ ಕುರ್ಚಿಯಲ್ಲಿ ದೋಮ್ನಾ. ಕರೆದರೆ ಹೋಗದಿರುವ ಧೈರ್ಯ ಅವಳಿಗಿರಲಿಲ್ಲ. ಗಂಡನ ಮೂಳೆ ಇದ್ದದ್ದೂ ಅಲ್ಲೇ.

ಕೊನೆಗೆ ಗಾಳಿ ತಿರುಗಿತು. ಹೊಸ ಸರ್ಕಾರ ಬಂದು ಗುಡ್ಡದವರೂ ದೇಶಕ್ಕಾಗಿ ಹೋರಾಡಿದವರೇ ಎಂದು ಒಪ್ಪಿಕೊಂಡಿತು. ಪಾಂದೆಲಿಸನಿಗೆ ಪದಕ, ಪಿಂಚಣಿ ಸಿಕ್ಕವು. ಕೇರಿಯಲ್ಲಿ ನಿಲ್ಲಿಸುವ ಹೊಸ ಕಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿಸಲು ಅವನು ಸಮಿತಿಯವರ ಹತ್ತಿರ ಹೋದ. ಅವರು ತಲೆ ಅಲ್ಲಾಡಿಸಿದರು. "ಹೆಸರು ಸರ್ಕಾರದ ಆ ಕಲ್ಲಿನ ಮೇಲಿದೆಯಲ್ಲ ಮಾರಾಯ, ನಾವು ಕೊಂದವರ ಸಾಲಿನಲ್ಲಿ. ಎರಡೂ ಕಡೆ ಹೆಂಗೆ ಹಾಕೋಣ?"

ಅವತ್ತು ಪಾಂದೆಲಿಸ್ ಮೊದಲ ಸಲ ತಾಯಿಯ ಬೀದಿಗೆ ಬಂದ. ನಡು ಬೀದಿಯಲ್ಲಿ ನಿಂತು ಕೂಗಿದ. ಆ ಗಂಟಲು ಯಾರಿಂದ ಬಂದದ್ದೆಂದು ಹಳಬರಿಗೆಲ್ಲ ಗೊತ್ತಾಯಿತು. "ಅಪ್ಪನಿಗೆ ಒಂದು ಕಲ್ಲೂ ಇಲ್ಲದ ಹಾಗೆ ಮಾಡಿದ್ಯಲ್ಲ! ಖುಷಿಯಾಯ್ತಾ?"

ದೋಮ್ನಾ ಕಿಟಕಿ ತೆರೆದಳು.

"ಊಟ ಆಯ್ತೇನೋ?" ಎಂದಳು.

ಅವನು ತಿರುಗಿ ಹೊರಟುಹೋದ.

ಆ ಡಿಸೆಂಬರಿನಲ್ಲಿ ಸರ್ಕಾರದ ಸ್ಮಾರಕದಲ್ಲಿ ಭಾಷಣವಿರಲಿಲ್ಲ, ಗೇಟಿಗೆ ಬೀಗ ಬಿದ್ದಿತ್ತು. ದೋಮ್ನಾ ತಟ್ಟೆ ಹಿಡಿದು ಸರಳಿನ ಹೊರಗೆ ನಿಂತು, ಕಾಲು ಸೋತ ಮೇಲೆ ಗೋಧಿಯನ್ನು ಗುಬ್ಬಿಗಳಿಗೆ ಚೆಲ್ಲಿ ಬಂದಳು. ಹೊಸ ವರ್ಷಕ್ಕೆ ಮೊದಲೇ ಸತ್ತಳು. ಹೆಣಕ್ಕೆ ಉಡುಪು ತೊಡಿಸಿದವಳು ಫಿಲಿಯೊ. ದೋಮ್ನಾ ಹೇಳಿಟ್ಟಿದ್ದಂತೆ ಕಬ್ಬಿಣದ ಚೂರನ್ನು ಅವಳ ಉಡುಪಿನ ಎದೆಯ ಮಡಿಕೆಯೊಳಗಿಟ್ಟು ಹೊಲಿದಳು.

ಮೂರು ವರ್ಷ ಕಳೆದು ಮೂಳೆ ತೆಗೆಯುವ ದಿನ ಮಗ ಬರಲೇಬೇಕಾಯಿತು, ಬೇರೆ ದಿಕ್ಕಿರಲಿಲ್ಲ. ಬೆನ್ನು ಬಾಗಿದ ಫಿಲಿಯೊ ತಾನೇ ಗೋಧಿ ಬೇಯಿಸಿಕೊಂಡು ತಂದಿದ್ದಳು. ಪಾಂದೆಲಿಸ್ ಯಾರ ಮುಖವನ್ನೂ ನೋಡದೆ ಶೀಸೆ ಹಿಡಿದು ನಿಂತಿದ್ದ. ಗುಂಡಿಯಲ್ಲಿದ್ದ ಅಗೆಯುವವನು ಪಕ್ಕೆಲುಬುಗಳ ನಡುವಿನಿಂದ ಏನನ್ನೋ ಎತ್ತಿ ಮಣ್ಣು ಉದುರಿಸಿದ.

"ಯುದ್ಧದಲ್ಲಿ ಅಜ್ಜಿಗೆ ಏಟು ಬಿದ್ದಿತ್ತಾ ಯಜಮಾನ್ರೇ? ಎದೇಲೇ ಇದೆಯಲ್ಲ ಇದು!"

ಪಾಂದೆಲಿಸ್ ಅದನ್ನು ಕೈಗೆ ತೆಗೆದುಕೊಂಡ. ಇಂಥ ಚೂರುಗಳ ನಡುವೆ ಓಡಾಡಿದವನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಯಾರದ್ದೆಂದು ಮಾತ್ರ ಫಿಲಿಯೊ ಹೇಳಿದಳು. ಸ್ಮಶಾನ, ಅಧಿಕಾರಿ, ತಲೆಬುರುಡೆ, ಬಾಯಲ್ಲಿಟ್ಟುಕೊಂಡದ್ದು, ಎಲ್ಲ.

"ನೀನಾದ್ರೂ ಯಾಕೆ ಹೇಳ್ಲಿಲ್ಲ ಫಿಲಿಯೊ ಅತ್ತೆ?" ಎಂದ ಪಾಂದೆಲಿಸ್.

"ಆಣೆ ಇಟ್ಟಿದ್ದೆ. ನೀನು ಕೇಳಿದ್ಯಾ? ಅವಳ ಬೀದಿಗೆ ಬಂದಿದ್ದು ಒಂದೇ ಸಲ, ಅದೂ ಬೈಯೋಕೆ. ನಿನ್ನ ಬಾಗಿಲಿಗೇ ತಂದಿದ್ಲು ಇದನ್ನ. ತಟ್ಟೆ ನೋಡ್ದೆ, ಗಂಟು ನೋಡ್ಲಿಲ್ಲ. ಸಹಿ ಹಾಕದ ವೀರ ನೀನು! ನಿನ್ನ ಪಾಲಿನದನ್ನೂ ಅವಳೇ ಹಾಕಿದ್ಲು ಕಣೋ."

ಅವನು ತಾಯಿಯ ಮೂಳೆಗಳನ್ನು ಒಂದೊಂದಾಗಿ ತೊಳೆದ, ಬುರುಡೆಗೆ ಮುತ್ತಿಟ್ಟ, ತಗಡಿನ ಪೆಟ್ಟಿಗೆಯಲ್ಲಿ ಜೋಡಿಸಿದ. ಮುಚ್ಚಳದ ಮೇಲೆ ಸ್ಮಶಾನದ ಗುಮಾಸ್ತ ಬಣ್ಣದಲ್ಲಿ ದೋಮ್ನಾಳ ಹೆಸರು ಬರೆದ. ಅಪ್ಪನ ಹೆಸರೂ ಬರೆಯಿರಿ ಎಂದ ಪಾಂದೆಲಿಸ್.

"ಒಬ್ಬರದ್ದೇ ಮೂಳೆ ಇರೋದು. ಅವರು ಬೇರೆ ಕಡೆ ಇದಾರೆ ಅಂತ ನಮ್ಮಲ್ಲಿ ದಾಖಲೆ ಇದೆ. ಹಾಗೆಲ್ಲ ಬರೆಯೋ ಹಂಗಿಲ್ಲ ಸ್ವಾಮಿ," ಎಂದು ಗುಮಾಸ್ತ ಕುಂಚ ತೊಳೆದುಕೊಂಡು ಹೋದ.

ಪಾಂದೆಲಿಸ್ ನೆಲದ ಮೇಲೆ ಕುಳಿತು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡ. ಕಬ್ಬಿಣದ ಚೂರಿನ ಹರಿತ ಅಂಚನ್ನು ತಗಡಿಗೆ ಒತ್ತಿ, ತಾಯಿಯ ಹೆಸರಿನ ಕೆಳಗೆ ಗೀಚತೊಡಗಿದ. ಯೊರ್ದಾನಿಸ್. ಅಕ್ಷರಗಳು ಸೊಟ್ಟಗಾದವು, ಕೊನೆಯ ಅಕ್ಷರದಲ್ಲಿ ತಗಡು ತೂತಾಯಿತು. ಬರೆದು ಮುಗಿಸಿ ಚೂರನ್ನು ಪೆಟ್ಟಿಗೆಯೊಳಗೆ ತಾಯಿಯ ಮೂಳೆಗಳ ನಡುವೆ ಇಟ್ಟು ಮುಚ್ಚಿದ.

"ತಗಡು ಹಾಳುಮಾಡ್ದೆ. ನಿಮ್ಮಪ್ಪ ನೋಡಿದ್ರೆ ಬಯ್ತಿದ್ದ," ಎಂದಳು ಫಿಲಿಯೊ. ಆಮೇಲೆ ಮಡಿಲಲ್ಲಿದ್ದ ತಟ್ಟೆಯನ್ನು ಅವನ ಮುಂದೆ ಹಿಡಿದಳು. "ತಗೋ. ನಿಮ್ಮಮ್ಮನ ಹೆಸರಿಂದು."

ಅವನು ಗೋಧಿಯನ್ನು ಬಾಯಿಗೆ ಹಾಕಿಕೊಂಡ. ಹೇಳಬೇಕಾದ ಮಾತು ಹೇಳಲು ಹೋದ, ದೇವರು ಕ್ಷಮಿಸಲಿ ಎನ್ನುವುದು. ಯಾರನ್ನು ಎಂದು ತಿಳಿಯದೆ, ಬಾಯಿ ತುಂಬ ಗೋಧಿ ಇಟ್ಟುಕೊಂಡು ಅಲ್ಲೇ ಕುಳಿತ.